ಗಿಪುಸ್ಕೋವಾ ನೋಡಲು ಎಲ್ಲಿ ತಂಗಬೇಕು: ಐದು ಊರುಗಳ ಹೋಲಿಕೆ

ಸ್ಪೇನಿನ ಉತ್ತರ ಕರಾವಳಿಯಲ್ಲಿ, ಫ್ರಾನ್ಸಿನ ಗಡಿಗೆ ತಾಗಿಕೊಂಡಿರುವ, ತಮ್ಮದೇ ಭಾಷೆಯಿರುವ ಬಾಸ್ಕ್ ಜನರ ಪ್ರಾಂತ್ಯ ಗಿಪುಸ್ಕೋವಾಕ್ಕೆ ಹೊರಟವರಲ್ಲಿ ಹೆಚ್ಚಿನವರು ಮೊದಲು ರಾಜಧಾನಿ ದೊನೊಸ್ತಿಯಾದಲ್ಲಿ ಕೋಣೆ ಹುಡುಕುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ಸಾನ್ ಸೆಬಾಸ್ತಿಯಾನ್ ಎನಿಸಿಕೊಳ್ಳುವುದೂ ಇದೇ ಊರು. ಆಮೇಲೆ ಅಲ್ಲಿನ ಬೆಲೆ ನೋಡಿಯೋ, ಒಂಡಾರಿಬಿಯಾದ ಬಣ್ಣದ ಬಾಲ್ಕನಿಗಳ ಅಥವಾ ಸುಮಾಯಾದ ಬಂಡೆಗಳ ಚಿತ್ರಗಳನ್ನು ಕಂಡೋ ಮನಸ್ಸು ಹೊಯ್ದಾಡತೊಡಗುತ್ತದೆ. ಕೈಯಲ್ಲಿ ನಾಲ್ಕೈದು ದಿನಗಳಷ್ಟೇ ಇರುವಾಗ ಯಾವ ಊರಿನಲ್ಲಿ ನೆಲೆ ಮಾಡಿದರೆ ಈ ನಾಡಿನ ಇತಿಹಾಸವೂ ಭೂಗೋಳವೂ ಕಣ್ಣಿಗೆ ಕಟ್ಟೀತು ಎಂದು ಕೇಳಿದ ಓದುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕಡಲ ಸ್ನಾನಕ್ಕೋ ಹೆಸರಾಂತ ಹೋಟೆಲುಗಳ ಊಟಕ್ಕೋ ಮಾತ್ರ ಹೋಗುವವರಿಗೆ ಈ ಹೋಲಿಕೆ ಅಷ್ಟಾಗಿ ಬೇಕಾಗದು; ಅವರಿಗೆ ದೊನೊಸ್ತಿಯಾ ಸಾಕು.

ಊರುಗಳನ್ನು ತೂಗುವ ಮೊದಲು ನೆಲದ ರಚನೆಯನ್ನು ತಿಳಿಯುವುದು ಅಗತ್ಯ, ಏಕೆಂದರೆ ಆಯ್ಕೆಯೆಲ್ಲ ಅದರ ಮೇಲೆಯೇ ನಿಂತಿದೆ. ಗಿಪುಸ್ಕೋವಾದ ವಿಸ್ತೀರ್ಣ ಸುಮಾರು 2,000 ಚದರ ಕಿಲೋಮೀಟರ್; ಸ್ಪೇನಿನ 50 ಪ್ರಾಂತ್ಯಗಳಲ್ಲಿ ಇದೇ ಅತಿ ಚಿಕ್ಕದು, ಆದರೂ ಏಳು ಲಕ್ಷಕ್ಕಿಂತ ಹೆಚ್ಚು ಜನ ಇಲ್ಲಿದ್ದಾರೆ. ಪಶ್ಚಿಮದಿಂದ ಪೂರ್ವಕ್ಕೆ ದೇಬಾ, ಉರೋಲಾ, ಓರಿಯಾ, ಉರುಮೇಯಾ, ಒಯಾರ್ಸುನ್, ಬಿದಾಸೋವಾ ಎಂಬ ಆರು ಚಿಕ್ಕ ನದಿಗಳು ಬೆಟ್ಟಗಳಿಂದಿಳಿದು ಉತ್ತರಕ್ಕೆ ಹರಿದು ಬಿಸ್ಕೆ ಕೊಲ್ಲಿಯನ್ನು ಸೇರುತ್ತವೆ. ದಕ್ಷಿಣದ ಐಸ್ಕೋರಿ ಸಾಲಿನಲ್ಲಿರುವ ಐಚೂರಿ ಶಿಖರ 1,551 ಮೀಟರ್ ಎತ್ತರವಿದ್ದರೂ ಕಡಲಿನಿಂದ 40 ಕಿಲೋಮೀಟರ್ ಆಸುಪಾಸಿನಲ್ಲೇ ಇದೆ. ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟು ಎತ್ತರದಿಂದ ನೀರು ಇಳಿಯುವುದರಿಂದ ಕಣಿವೆಗಳು ಆಳವಾಗಿ, ಇಕ್ಕಟ್ಟಾಗಿ ಕೊರೆದುಕೊಂಡಿವೆ. ಕಣಿವೆಯ ಉದ್ದಕ್ಕೂ ಓಡಾಡುವುದು ಸುಲಭ. ಒಂದು ಕಣಿವೆಯಿಂದ ಪಕ್ಕದ ಕಣಿವೆಗೆ ದಾಟಬೇಕೆಂದರೆ ನಡುವಣ ದಿಣ್ಣೆಯನ್ನು ಹತ್ತಿಳಿಯಬೇಕು. ಸುರಂಗಗಳೂ ಹೆದ್ದಾರಿಯೂ ಬಂದಿರುವ ಇಂದಿಗೂ ಬಸ್ಸು ರೈಲುಗಳ ವೇಳಾಪಟ್ಟಿಯಲ್ಲಿ ಈ ಹಳೆಯ ಸತ್ಯ ಕಾಣುತ್ತದೆ.

ಇತಿಹಾಸವೂ ಇದೇ ನೆಲದಿಂದ ಬೆಳೆದದ್ದು. ಗೋಧಿ ಬೆಳೆಯಲು ಬಯಲಿಲ್ಲದ, ಆದರೆ ಕಬ್ಬಿಣದ ಅದಿರು, ಓಕ್ ಮರ, ರಭಸದ ನೀರು ಮೂರೂ ಇದ್ದ ಈ ಕಣಿವೆಗಳಲ್ಲಿ ನೀರಿನ ಬಲದಿಂದ ತಿದಿಯೂದುವ ಕುಲುಮೆಗಳು ಎದ್ದವು. ಕಬ್ಬಿಣವೂ ಮರವೂ ಅಳಿವೆಗಳಿಗೆ ಇಳಿದು ಹಡಗುಗಳಾದವು. ಹಡಗುಗಳು ತಿಮಿಂಗಿಲದ ಬೇಟೆಗಾಗಿ ಕೆನಡಾದ ತೀರದವರೆಗೆ ಹೋದವು. 1200ರವರೆಗೆ ನವಾರಾ ರಾಜ್ಯದ ಪ್ರಭಾವದಲ್ಲಿದ್ದ ನಾಡು ಆ ವರ್ಷ ಕಸ್ತೀಲಿಯಾದ ದೊರೆ 8ನೆಯ ಅಲ್ಫೋನ್ಸೋನ ಕೈಗೆ ಬಂತು. ಆಗಿನಿಂದ ಒಂದೊಂದಾಗಿ ಊರುಗಳು ರಾಜನಿಂದ ಸನ್ನದು ಪಡೆದು, ತಮ್ಮ ಪ್ರತಿನಿಧಿಗಳ ಸಭೆ ಕಟ್ಟಿಕೊಂಡು, ಫುಯೆರೊ ಎಂಬ ಸಾಂಪ್ರದಾಯಿಕ ಹಕ್ಕುಗಳಡಿ ತಮ್ಮ ಆಡಳಿತವನ್ನು ಬಹುಮಟ್ಟಿಗೆ ತಾವೇ ನಡೆಸಿಕೊಂಡವು. ಸ್ಪೇನಿನ ಸಿಂಹಾಸನಕ್ಕಾಗಿ ನಡೆದ ಕಾರ್ಲಿಸ್ಟ್ ಯುದ್ಧಗಳಲ್ಲಿ ಕೊನೆಯದರ ಸೋಲಿನ ಬಳಿಕ 1876ರಲ್ಲಿ ಆ ಹಕ್ಕುಗಳು ರದ್ದಾದವು. 1878ರಲ್ಲಿ ತೆರಿಗೆ ವಸೂಲಿಯ ಅಧಿಕಾರ ಮಾತ್ರ ಒಪ್ಪಂದದ ರೂಪದಲ್ಲಿ ಉಳಿಯಿತು. 1937ರಲ್ಲಿ ಸರ್ವಾಧಿಕಾರಿ ಫ್ರಾಂಕೋ ಅದನ್ನೂ ಕಿತ್ತುಕೊಂಡ. 1981ರಲ್ಲಿ ಅದು ಮರಳಿ ಬಂತು. ಇಂದು ಗಿಪುಸ್ಕೋವಾದ ಜನ ಆದಾಯ ತೆರಿಗೆ ಕಟ್ಟುವುದು ಮಾದ್ರಿದಿಗಲ್ಲ, ತಮ್ಮ ಪ್ರಾಂತ್ಯದ ಖಜಾನೆಗೆ.

ಹಾಗಾಗಿ ನನ್ನ ಮೊದಲ ಸಲಹೆ, ಕಡಲ ದಂಡೆಯನ್ನಲ್ಲ, ಕಣಿವೆಯನ್ನು ಆರಿಸಿಕೊಳ್ಳಿ ಎಂಬುದು. ಭೂಪಟದಲ್ಲಿ ಇದು ಕರಾವಳಿ ಪ್ರಾಂತ್ಯವೇ ಹೌದು, ಆದರೆ ಇಲ್ಲಿನ ಪ್ರತಿ ಬಂದರೂ ತನ್ನ ಬೆನ್ನಿಗಿರುವ ಕಣಿವೆಯ ಬಾಗಿಲು.

ಯಾವ ಅಳತೆಗೋಲು

ನಾನು ನಾಲ್ಕು ಸಂಗತಿಗಳನ್ನು ಮುಂದಿಟ್ಟುಕೊಂಡು ಊರುಗಳನ್ನು ತೂಗಿದ್ದೇನೆ. ಮೊದಲನೆಯದು, ಆ ಊರಿನಲ್ಲಿ ಇತಿಹಾಸದ ಯಾವ ಕಾಲ ಎದ್ದು ಕಾಣುತ್ತದೆ ಮತ್ತು ಸುತ್ತಲಿನ ನೆಲದಲ್ಲಿ ಏನು ಓದಬಹುದು ಎಂಬುದು. ಎರಡನೆಯದು, ಸ್ವಂತ ಅಥವಾ ಬಾಡಿಗೆ ಕಾರಿಲ್ಲದೆ ಎಷ್ಟು ದೂರ ಹೋಗಿಬರಬಹುದು ಎಂಬುದು; ನಮ್ಮಿಂದ ಹೋಗುವ ಹೆಚ್ಚಿನವರು ರಸ್ತೆಯ ಬಲಬದಿಯಲ್ಲಿ ಓಡಿಸಲು ಹಿಂಜರಿಯುವುದರಿಂದ ಇದು ಸಣ್ಣ ವಿಷಯವಲ್ಲ. ಮೂರನೆಯದು ಕೋಣೆಯ ಬಾಡಿಗೆ ಮತ್ತು ಊಟದ ಖರ್ಚು. ಬೆಲೆಗಳು ಋತುವಿನೊಡನೆ ಬದಲಾಗುವುದರಿಂದ ಅಂಕಿಗಳ ಬದಲು ಒಂದು ಊರಿಗಿಂತ ಇನ್ನೊಂದು ಎಷ್ಟು ಅಗ್ಗ ಎಂಬುದನ್ನು ಮಾತ್ರ ಹೇಳಿದ್ದೇನೆ. ನಾಲ್ಕನೆಯದು ಮಳೆ. ದೊನೊಸ್ತಿಯಾದಲ್ಲಿ ವರ್ಷಕ್ಕೆ ಸುಮಾರು 1,500 ಮಿಲಿಮೀಟರ್ ಮಳೆಯಾಗುತ್ತದೆ, ಅದೂ ಯಾವುದೋ ಒಂದು ಕಾಲದಲ್ಲಿ ಅಲ್ಲ, ವರ್ಷವಿಡೀ ಹಂಚಿಕೊಂಡು. ಐದು ದಿನ ಇದ್ದರೆ ಎರಡು ದಿನ ನೆನೆಯುತ್ತೀರಿ ಎಂದೇ ಲೆಕ್ಕ ಹಾಕಿ. ಆ ಎರಡು ದಿನಗಳಲ್ಲಿ ಸೂರಿನಡಿ ನೋಡಲು ಏನಿದೆ ಎಂಬುದೂ ಆಯ್ಕೆಯ ಭಾಗವಾಗಬೇಕು.

ಸಸ್ಯಾಹಾರಿಗಳಿಗೆ ಬೇರೆಯದೇ ಒಂದು ಮಾತು ಹೇಳಬೇಕಾಗಿದೆ. ಇದು ಮೀನು ಮಾಂಸಗಳ ನಾಡು. ತೊಲೊಸಾದ ಹೆಸರಾಂತ ಕಪ್ಪು ಕಾಳಿನ ಪಲ್ಯದ ಜೊತೆಗೆ ರಕ್ತದ ಸಾಸೇಜು ಬರುತ್ತದೆ, ಈದಿಯಸಾಬಲ್ ಎಂಬ ಕುರಿಹಾಲಿನ ಗಿಣ್ಣಿಗೆ (ಚೀಸ್‌ಗೆ) ಸಾಂಪ್ರದಾಯಿಕವಾಗಿ ಬಳಸುವುದು ಕುರಿಮರಿಯ ಜಠರದಿಂದ ತೆಗೆದ ಹೆಪ್ಪು. ದೊನೊಸ್ತಿಯಾದಲ್ಲಿ ಆಯ್ಕೆಗಳಿವೆ, ಉಳಿದೆಡೆ ಅಡುಗೆಮನೆ ಇರುವ ಬಾಡಿಗೆ ಕೋಣೆ ಹಿಡಿದು ಸಂತೆಯಿಂದ ತರಕಾರಿ ತಂದು ಬೇಯಿಸಿಕೊಳ್ಳುವುದೇ ನೆಮ್ಮದಿ.

ದೊನೊಸ್ತಿಯಾ: ಎಲ್ಲ ದಾರಿಗಳೂ ಸೇರುವಲ್ಲಿ

ಉರುಮೇಯಾ ನದಿಯ ಅಳಿವೆಯಲ್ಲಿ, ಉರ್ಗುಲ್ ಮತ್ತು ಈಗೆಲ್ದೊ ಗುಡ್ಡಗಳ ನಡುವೆ ಚಿಪ್ಪಿನಂತೆ ಬಾಗಿದ ಕೊಲ್ಲಿಯ ದಂಡೆಯಲ್ಲಿರುವ ಈ ನಗರದ ಜನಸಂಖ್ಯೆ ಎರಡು ಲಕ್ಷಕ್ಕೆ ಸ್ವಲ್ಪ ಕಡಿಮೆ. 1180ರ ಸುಮಾರಿಗೆ ನವಾರಾದ ದೊರೆ ಸಾಂಚೋ ಕೊಟ್ಟ ಸನ್ನದು ಇದರ ಹುಟ್ಟಿನ ದಾಖಲೆ. ಆದರೆ ನಗರದಲ್ಲಿ ಅಡ್ಡಾಡುವಾಗ ಕಾಣುವುದು ಆ ಹಳೆಯ ಊರಲ್ಲ. 1813ರ ಆಗಸ್ಟ್ 31ರಂದು, ನೆಪೋಲಿಯನ್ನನ ಸೇನೆಯಿಂದ ಊರನ್ನು ಬಿಡಿಸಲು ಬಂದ ಇಂಗ್ಲಿಷ್ ಮತ್ತು ಪೋರ್ಚುಗೀಸ್ ಪಡೆಗಳೇ ಊರನ್ನು ಕೊಳ್ಳೆಹೊಡೆದವು. ಹತ್ತಿಕೊಂಡ ಬೆಂಕಿಯಲ್ಲಿ ಊರು ಬಹುಪಾಲು ಬೂದಿಯಾಯಿತು. ಉಳಿದದ್ದು ಎರಡು ಇಗರ್ಜಿಗಳೂ ಒಂದು ಬೀದಿಯ ಮನೆಗಳೂ ಮಾತ್ರ. ಆ ಬೀದಿಗೆ ಇಂದು ‘ಆಗಸ್ಟ್ 31ರ ಬೀದಿ’ ಎಂದೇ ಹೆಸರು. ಊರವರು ಹಳೆಯ ಗೆರೆಗಳ ಮೇಲೆಯೇ ಊರನ್ನು ಮತ್ತೆ ಕಟ್ಟಿದರು, 1863ರಲ್ಲಿ ಕೋಟೆಗೋಡೆ ಕೆಡವಲು ತೊಡಗಿದರು, ರಾಜಮನೆತನದವರು ಬೇಸಿಗೆ ಕಳೆಯಲು ಬರತೊಡಗಿದ ಮೇಲೆ ಅಗಲವಾದ ಬೀದಿಗಳೂ ಹೋಟೆಲುಗಳೂ ಎದ್ದವು. ಅಂದರೆ ಇಲ್ಲಿ ಎದ್ದು ಕಾಣುವ ಕಾಲ 19ನೆಯ ಶತಮಾನ ಮತ್ತು 20ನೆಯದರ ಆರಂಭ. ಮಧ್ಯಯುಗವನ್ನು ಹುಡುಕಿಕೊಂಡು ಬಂದವರಿಗೆ ನಿರಾಸೆಯಾಗುತ್ತದೆ.

ಮಳೆಯ ದಿನಕ್ಕೆ ಇದಕ್ಕಿಂತ ಒಳ್ಳೆಯ ಊರು ಪ್ರಾಂತ್ಯದಲ್ಲಿಲ್ಲ. 16ನೆಯ ಶತಮಾನದ ದೊಮಿನಿಕನ್ ಮಠದಲ್ಲಿರುವ ಸಾನ್ ತೆಲ್ಮೋ ವಸ್ತುಸಂಗ್ರಹಾಲಯ ಬಾಸ್ಕ್ ಸಮಾಜದ ಇತಿಹಾಸವನ್ನೇ ವಿಷಯವಾಗಿಟ್ಟುಕೊಂಡಿದೆ. ಪ್ರವಾಸದ ಮೊದಲ ದಿನವೇ ಅಲ್ಲಿ ಅರ್ಧ ದಿನ ಕಳೆದರೆ ಮುಂದಿನ ಊರುಗಳೆಲ್ಲ ಬೇಗ ಅರ್ಥವಾಗುತ್ತವೆ. ಸಂಪರ್ಕದಲ್ಲಂತೂ ಇದಕ್ಕೆ ಸಾಟಿಯಿಲ್ಲ: ಪಶ್ಚಿಮಕ್ಕೆ ಸುಮಾಯಾ, ದೇಬಾ ಮೂಲಕ ಬಿಲ್ಬಾವೊಗೆ ಯೂಸ್ಕೋತ್ರೆನ್ ಕಿರುಹಳಿಯ ರೈಲು, ಪೂರ್ವಕ್ಕೆ ಫ್ರಾನ್ಸಿನ ಒಂದಾಯಾದವರೆಗೆ, ಸುರಂಗಗಳ ಕಾರಣ ಜನರ ಬಾಯಲ್ಲಿ ‘ತೋಪೋ’, ಅಂದರೆ ನೆಲಬಗೆಯುವ ಮೋಲ್ ಪ್ರಾಣಿ, ಎನಿಸಿಕೊಂಡ ರೈಲು, ದಕ್ಷಿಣಕ್ಕೆ ಓರಿಯಾ ಕಣಿವೆಯೊಳಗೆ ಸ್ಪೇನ್ ರೈಲ್ವೆಯ ಉಪನಗರ ಗಾಡಿ.

ಪಕ್ಕದ ಪಸಾಯಾ ಬಂದರನ್ನು ಯಾರೂ ತಪ್ಪಿಸಬಾರದು. ಎರಡು ಬಂಡೆಗೋಡೆಗಳ ನಡುವಣ ಕಿರಿದಾದ ಕಾಲುವೆಯಂಥ ಬಾಯಿ, ಒಳಗೆ ವಿಶಾಲವಾದ ಬಂದರು. ದೊಡ್ಡ ಸರಕುಹಡಗು ಆ ಬಾಯಿಯೊಳಗೆ ನುಗ್ಗುವಾಗ ದಂಡೆಯ ಮನೆಗಳ ಕಿಟಕಿಗೆ ತಾಗಿಯೇಬಿಟ್ಟಿತು ಎನಿಸುತ್ತದೆ. ಈಚೆಯ ಸಾನ್ ಪೆದ್ರೋದಿಂದ ಆಚೆಯ ದೊನಿಬಾನೆಗೆ ಚಿಕ್ಕ ದೋಣಿ ಎರಡೇ ನಿಮಿಷಗಳಲ್ಲಿ ದಾಟಿಸುತ್ತದೆ. ಸಾನ್ ಪೆದ್ರೋದ ಅಲ್ಬಾವೊಲಾ ಹಡಗುಕಟ್ಟೆಯಲ್ಲಿ, 1565ರಲ್ಲಿ ಕೆನಡಾದ ಲ್ಯಾಬ್ರಡಾರಿನ ರೆಡ್ ಬೇಯಲ್ಲಿ ಮುಳುಗಿದ ‘ಸಾನ್ ಹ್ವಾನ್’ ಎಂಬ ತಿಮಿಂಗಿಲ ಬೇಟೆಯ ಹಡಗಿನ ಪ್ರತಿಯನ್ನು ಹಳೆಯ ಕ್ರಮದಲ್ಲೇ ಕಟ್ಟಿದ್ದಾರೆ. ಓಕ್ ಮರದ ಸಹಜವಾದ ಬಾಗನ್ನೇ ಹಡಗಿನ ಪಕ್ಕೆಲುಬಾಗಿ ಆರಿಸಿಕೊಳ್ಳುವ ಆ ಕೆಲಸದ ವಿವರ ಕಂಡ ಮೇಲೆ ಒಳನಾಡಿನ ಕಾಡುಗಳಿಗೂ ಕಡಲಿಗೂ ಇರುವ ನಂಟು ಮನಸ್ಸಿಗೆ ತಟ್ಟುತ್ತದೆ.

ಕೊರತೆ ಬೆಲೆಯದ್ದು. ಜುಲೈ ಮತ್ತು ಆಗಸ್ಟಿನಲ್ಲಿ ಇಲ್ಲಿನ ಬಾಡಿಗೆ ಸ್ಪೇನಿನ ಅತಿ ದುಬಾರಿ ಬಾಡಿಗೆಗಳ ಸಾಲಿಗೆ ಸೇರುತ್ತದೆ. 1953ರಿಂದ ನಡೆಯುತ್ತಿರುವ ಚಲನಚಿತ್ರೋತ್ಸವದ ಸೆಪ್ಟೆಂಬರಿನಲ್ಲೂ ಕೋಣೆ ಸಿಗುವುದು ಕಷ್ಟ. ಎರಡೇ ದಿನ ಇರುವವರು, ಹಿರಿಯರನ್ನು ಕರೆದುಕೊಂಡು ಹೋಗುವವರು, ಸಸ್ಯಾಹಾರಿಗಳು ಈ ಖರ್ಚನ್ನು ಒಪ್ಪಿಕೊಳ್ಳುವುದೇ ಸರಿ.

ಸುಮಾಯಾ: ಬಂಡೆಯಲ್ಲಿ ಬರೆದ ಕಾಲ

ದೊನೊಸ್ತಿಯಾದಿಂದ 30 ಕಿಲೋಮೀಟರ್ ಆಸುಪಾಸಿನಲ್ಲಿ, ಉರೋಲಾ ನದಿಯ ಅಳಿವೆಯಲ್ಲಿರುವ ಈ ಚಿಕ್ಕ ಊರಿನ ಮೇಲೆ ನನಗೆ ವಿಶೇಷ ಪ್ರೀತಿಯಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಣ ಇಚೂರುನ್ ಕಡಲತೀರದ ಬಂಡೆಗಳು. ಗಟ್ಟಿ ಸುಣ್ಣಕಲ್ಲಿನ ಒಂದು ಪದರ, ಮೆದು ಜೇಡಿಗಲ್ಲಿನ ಒಂದು ಪದರ, ಮತ್ತೆ ಸುಣ್ಣಕಲ್ಲು, ಮತ್ತೆ ಜೇಡಿ, ಹೀಗೆ ಸಾವಿರಾರು ಪದರಗಳು, ಕಪಾಟಿನಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಪುಸ್ತಕಗಳ ಬೆನ್ನುಗಳಂತೆ ನೆಟ್ಟಗೆ ನಿಂತಿವೆ. ಆಳ ಕಡಲಿನ ತಳದಲ್ಲಿ ಮಲಗಿಕೊಂಡು ಕೂಡಿದ್ದ ಕೆಸರು ಇದು. ಐಬೀರಿಯಾದ ಭೂಫಲಕ ಯುರೇಷ್ಯಾದ ಫಲಕಕ್ಕೆ ಒತ್ತಿಕೊಂಡು ಪಿರೆನೀಸ್ ಪರ್ವತಗಳು ಎದ್ದಾಗ ಇವೂ ಓರೆಯಾಗಿ ಮೇಲೆದ್ದವು. ಭೂವಿಜ್ಞಾನಿಗಳು ಇದನ್ನು ಫ್ಲಿಷ್ ಎನ್ನುತ್ತಾರೆ. ಒಂದು ಸುಣ್ಣಕಲ್ಲು ಮತ್ತು ಒಂದು ಜೇಡಿ ಸೇರಿದ ಜೋಡಿಗೆ ಸುಮಾರು 20,000 ವರ್ಷ. ಭೂಮಿಯ ಅಕ್ಷದ ನಿಧಾನವಾದ ತೊನೆದಾಟಕ್ಕೆ ತಕ್ಕಂತೆ ಹವೆ ಬದಲಾಗಿ ಈ ಜೋಡಿಗಳು ಮೂಡಿದವು. ಐದು ಜೋಡಿಗಳು ಸೇರಿದ ಒಂದು ಕಟ್ಟಿಗೆ ಒಂದು ಲಕ್ಷ ವರ್ಷ. ಅಂದರೆ ಬಂಡೆಯ ಬುಡದಲ್ಲಿ ನಿಂತು ಎರಡೂ ಕೈ ಚಾಚಿದರೆ ನಿಮ್ಮ ತೋಳುಗಳ ನಡುವೆ ಮನುಷ್ಯಕುಲದ ಬರಹದ ಇತಿಹಾಸ ಹಲವು ಸಲ ಅಡಗುವಷ್ಟು ಕಾಲವಿರುತ್ತದೆ. ಸಮೀಪದ ಅಲ್ಗೊರಿ ಕೋವೆಯಲ್ಲಿ 6.6 ಕೋಟಿ ವರ್ಷಗಳ ಹಿಂದೆ ಡೈನೊಸಾರುಗಳು ಅಳಿದ ಗಳಿಗೆಯ ತೆಳುವಾದ ಕಪ್ಪು ಗೆರೆ ಕಾಣಸಿಗುತ್ತದೆ. ಅದರ ಬೆನ್ನಿಗೇ ಬಂದ ಪ್ಯಾಲಿಯೋಸೀನ್ ಯುಗದ ಎರಡು ಘಟ್ಟಗಳ ಆರಂಭಕ್ಕೆ ಇಡೀ ಜಗತ್ತು ಒಪ್ಪಿದ ಮಾದರಿ ಸ್ಥಳವೂ ಇಚೂರುನ್ ತೀರವೇ. ಸುಮಾಯಾ, ದೇಬಾ, ಮುತ್ರಿಕು ಮೂರು ಊರುಗಳ ಈ ತೀರ ಇಂದು ಯುನೆಸ್ಕೋದ ಜಾಗತಿಕ ಭೂ ಉದ್ಯಾನಗಳಲ್ಲೊಂದು.

ಇಲ್ಲಿ ಒಂದು ಎಚ್ಚರಿಕೆ. ಬಿಸ್ಕೆ ಕೊಲ್ಲಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ನಾಲ್ಕು ಮೀಟರಿಗೂ ಮಿಕ್ಕಿ ಏರಿಳಿಯುತ್ತದೆ. ನಾನು ಮೊದಲ ಸಲ ಹೋದಾಗ ಉಬ್ಬರದ ಹೊತ್ತು. ಕಡಲೊಳಗೆ ಚಾಚಿಕೊಂಡ ಕಲ್ಲಿನ ಹಾಸು ಪೂರ್ತಿ ಮುಳುಗಿತ್ತು, ಮೇಲಿನ ಸಾನ್ ತೆಲ್ಮೋ ಗುಡಿಯಿಂದ ಬಂಡೆಯ ಗೋಡೆಯನ್ನಷ್ಟೇ ನೋಡಿ ಹಿಂದಿರುಗಿದೆ. ಎರಡನೆಯ ಸಲ ಇಳಿತದ ವೇಳೆ ನೋಡಿಕೊಂಡು ಬೆಳಿಗ್ಗೆ ಏಳಕ್ಕೇ ಇಳಿದಾಗ, ನೇಗಿಲ ಸಾಲುಗಳಂತೆ ಕಲ್ಲಿನ ಅಂಚುಗಳು ಬಹು ದೂರದವರೆಗೆ ಕಡಲೊಳಕ್ಕೆ ಸಾಗಿದ್ದವು, ಸಾಲುಗಳ ನಡುವಣ ನೀರಿನಲ್ಲಿ ಏಡಿಗಳು ಓಡಾಡುತ್ತಿದ್ದವು. ಸುಮಾಯಾದಲ್ಲಿ ತಂಗುವುದರ ದೊಡ್ಡ ಲಾಭ ಇದೇ: ಇಳಿತ ಯಾವ ಹೊತ್ತಿಗಿದ್ದರೂ ನೀವು ಅಲ್ಲಿರುತ್ತೀರಿ.

ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಚಕೋಲಿ ಎಂಬ ಬಿಳಿ ದ್ರಾಕ್ಷಾರಸದ ತೋಟಗಳಾಚೆ, ಗೆತಾರಿಯಾ ಇದೆ. ಮೆಗೆಲ್ಲನ್ ಸತ್ತ ಬಳಿಕ ಅವನ ಪಡೆಯ ಉಳಿದ ಹಡಗನ್ನು 1522ರಲ್ಲಿ ಸ್ಪೇನಿಗೆ ಮರಳಿ ತಂದು ಭೂಪ್ರದಕ್ಷಿಣೆಯನ್ನು ಮೊದಲು ಮುಗಿಸಿದ ಹ್ವಾನ್ ಸೆಬಾಸ್ತಿಯಾನ್ ಎಲ್ಕಾನೋ ಇಲ್ಲಿಯವನು. 1895ರಲ್ಲಿ ಇಲ್ಲಿ ಹುಟ್ಟಿದ ವಸ್ತ್ರವಿನ್ಯಾಸಕ ಬಾಲೆನ್ಸಿಯಾಗಾನ ಹೆಸರಿನ ವಸ್ತುಸಂಗ್ರಹಾಲಯ ಮಳೆಯ ದಿನಕ್ಕೆ ಆಗುತ್ತದೆ. ಆದರೆ ನನ್ನ ಕಾಲನ್ನು ಹಿಡಿದು ನಿಲ್ಲಿಸಿದ್ದು ಸಾನ್ ಸಾಲ್ವದೋರ್ ಇಗರ್ಜಿ. ಅದರ ನೆಲ ಸಮತಟ್ಟಾಗಿಲ್ಲ, ಪೀಠದ ಕಡೆಗೆ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಪೀಠದ ಕೆಳಗಿನಿಂದ ಬಂದರಿಗೆ ಇಳಿಯುವ ಬೀದಿ ಹಾದುಹೋಗುತ್ತದೆ. ಚಿಕ್ಕ ದಿಣ್ಣೆಯ ಮೇಲೆ ಇಗರ್ಜಿ, ಕೋಟೆ, ಬೀದಿ ಎಲ್ಲಕ್ಕೂ ಜಾಗ ಹೊಂದಿಸಬೇಕಾದ ಊರಿನ ಕಷ್ಟ ಆ ಓರೆ ನೆಲದಲ್ಲಿ ಕಾಲಿಗೇ ತಿಳಿಯುತ್ತದೆ. 1397ರಲ್ಲಿ ಗಿಪುಸ್ಕೋವಾದ ಊರುಗಳ ಪ್ರತಿನಿಧಿಗಳು ಸೇರಿ ತಮ್ಮ ಒಕ್ಕೂಟದ ಕಟ್ಟಳೆಗಳನ್ನು ರೂಪಿಸಿದ್ದು ಇದೇ ಇಗರ್ಜಿಯಲ್ಲಿ; ಪ್ರಾಂತ್ಯವೊಂದು ಪ್ರಾಂತ್ಯವಾಗಿ ತನ್ನನ್ನು ಕಂಡುಕೊಂಡ ಜಾಗ ಎಂದು ಇದನ್ನು ಕರೆದರೆ ತಪ್ಪಾಗದು.

ಸುಮಾಯಾದ ಬೆನ್ನಿಗೆ ಉರೋಲಾ ಕಣಿವೆಯಿದೆ. ಬಸ್ಸಿನಲ್ಲಿ ಒಳಕ್ಕೆ ಹೋದರೆ ಮೊದಲು ಸೆಸ್ತೋವಾ ಸಿಗುತ್ತದೆ. ಅದರ ಸಮೀಪ 1969ರಲ್ಲಿ ಪತ್ತೆಯಾದ ಎಕಾಯಿನ್ ಗುಹೆಯ, ಶಿಲಾಯುಗದ ಕುದುರೆಗಳ ಚಿತ್ರಗಳು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಉಸಿರಿನ ತೇವಕ್ಕೆ ಕೆಡಬಾರದೆಂದು ಮೂಲ ಗುಹೆಗೆ ಪ್ರವೇಶವಿಲ್ಲ, ಸೆಸ್ತೋವಾದಲ್ಲಿ ಮಾಡಿಟ್ಟ ಪ್ರತಿಕೃತಿಯನ್ನು ನೋಡಬೇಕು. ಇನ್ನೂ ಒಳಗೆ ಆಸ್ಪೆಯ್ತಿಯಾದ ಪಕ್ಕದಲ್ಲಿ ಲೊಯೋಲಾ. ಯೇಸು ಸಭೆಯನ್ನು ಸ್ಥಾಪಿಸಿದ ಇಗ್ನೇಷಿಯಸ್ 1491ರಲ್ಲಿ ಹುಟ್ಟಿದ ಗೋಪುರಮನೆ ಈಗ ಭವ್ಯವಾದ ಬಸಿಲಿಕಾದ ಮಗ್ಗುಲಲ್ಲಿದೆ. 1880ರಲ್ಲಿ ಮಂಗಳೂರಿನಲ್ಲಿ ಸೇಂಟ್ ಅಲೋಶಿಯಸ್ ಕಾಲೇಜನ್ನು ತೆರೆದದ್ದು ಇದೇ ಸಭೆಯವರಾದ್ದರಿಂದ ಅಲ್ಲಿ ಓದಿದ ಕನ್ನಡಿಗರಿಗೆ ಈ ಮನೆ ಪೂರ್ತಿ ಪರಕೀಯವೆನಿಸದು. ಗೋಪುರದ ಗೋಡೆಯನ್ನು ಗಮನಿಸಿ: ಕೆಳಗಿನ ಅರ್ಧ ದಪ್ಪನೆಯ ಕಲ್ಲು, ಮೇಲಿನದು ನಯವಾದ ಇಟ್ಟಿಗೆ. 15ನೆಯ ಶತಮಾನದ ಮಧ್ಯದಲ್ಲಿ, ಒಬ್ಬರ ಮೇಲೊಬ್ಬರು ಕತ್ತಿ ಹಿರಿಯುತ್ತಿದ್ದ ಪಾಳೆಯಗಾರ ಮನೆತನಗಳನ್ನು ಹದ್ದಿನಲ್ಲಿಡಲು ದೊರೆ ಅವರ ಗೋಪುರಗಳ ತಲೆ ಕತ್ತರಿಸಿದ. ಮುಂದೆ ಅವುಗಳ ಮೇಲೆ ಕಟ್ಟಿದ್ದು ಕೋಟೆಯನ್ನಲ್ಲ, ವಾಸದ ಮನೆಯನ್ನು.

ಕೋಣೆಯ ಬೆಲೆ ಇಲ್ಲಿ ದೊನೊಸ್ತಿಯಾಕ್ಕಿಂತ ಕಡಿಮೆ, ರೈಲು ನಿಲ್ದಾಣ ಊರಿನಲ್ಲೇ ಇದೆ, ಸ್ಪೇನಿನ ವಾಯವ್ಯದಲ್ಲಿರುವ ಸಾಂತಿಯಾಗೋದ ಕ್ರೈಸ್ತ ಯಾತ್ರೆಯ ಉತ್ತರದ ದಾರಿ ಹಾದುಹೋಗುವುದರಿಂದ ಯಾತ್ರಿಕರಿಗೆ ಅಗ್ಗದ ವಸತಿಯೂ ಸಿಗುತ್ತದೆ. ಕೊರತೆಯೆಂದರೆ ರಾತ್ರಿ ಊರು ಬೇಗ ಮಲಗುತ್ತದೆ, ಗಾಳಿಮಳೆಯ ದಿನ ಬಂಡೆಗಳ ಹತ್ತಿರ ಹೋಗುವಂತಿಲ್ಲ, ಪೂರ್ವದ ಗಡಿನಾಡು ಇಲ್ಲಿಂದ ದೂರ.

ಒಂಡಾರಿಬಿಯಾ: ಗಡಿಯ ಕೋಟೆ

ಬಿದಾಸೋವಾ ನದಿಯ ಅಳಿವೆಯಲ್ಲಿ, ಆಚೆ ದಡದಲ್ಲಿ ಫ್ರಾನ್ಸನ್ನು ಎದುರಿಟ್ಟುಕೊಂಡು ನಿಂತ ಊರು ಇದು. 1203ರಲ್ಲಿ ಸನ್ನದು ಪಡೆದ ಈ ಊರಿನ ಕೋಟೆಗೋಡೆ ಬಹುಮಟ್ಟಿಗೆ ಉಳಿದಿದೆ; ಮಧ್ಯಯುಗದ ಊರಿನ ಆಕಾರವನ್ನು ಕಾಣಲು ಪ್ರಾಂತ್ಯದ ಕಡಲ ಬದಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. 1638ರಲ್ಲಿ ಫ್ರೆಂಚ್ ಸೇನೆ 69 ದಿನ ಮುತ್ತಿಗೆ ಹಾಕಿದರೂ ಊರು ಬಗ್ಗಲಿಲ್ಲ. ಆ ನೆನಪಿಗೆ ಪ್ರತಿ ಸೆಪ್ಟೆಂಬರ್ 8ರಂದು ಅಲಾರ್ದೆ ಎಂಬ ಶಸ್ತ್ರ ಮೆರವಣಿಗೆ ನಡೆಯುತ್ತದೆ. ಅದರಲ್ಲಿ ಹೆಂಗಸರು ಗಂಡಸರಷ್ಟೇ ಸಮನಾಗಿ ಭಾಗವಹಿಸುವ ಪ್ರಶ್ನೆ 1990ರ ದಶಕದಿಂದ ಊರನ್ನು ಎರಡಾಗಿ ಸೀಳಿದೆ. ಹಬ್ಬ ನೋಡಲು ಹೋಗುವವರು ಇದನ್ನೂ ತಿಳಿದಿರಬೇಕು.

ಮೇಲ್ಗಡೆ ನದಿಯ ನಡುವೆ, ಇರುನ್ ಪಟ್ಟಣದ ಅಂಚಿನಲ್ಲಿ, ಫೆಸೆಂಟ್ ದ್ವೀಪವೆಂಬ ಮರಗಳ ಒಂದು ಕಿರುನಡುಗಡ್ಡೆಯಿದೆ. 1659ರಲ್ಲಿ ಸ್ಪೇನ್ ಮತ್ತು ಫ್ರಾನ್ಸ್ ಪಿರೆನೀಸ್ ಒಪ್ಪಂದ ಮಾಡಿಕೊಂಡದ್ದು ಅಲ್ಲೇ. ಮರುವರ್ಷ 14ನೆಯ ಲೂಯಿ ದೊರೆಗೆ ಸ್ಪೇನಿನ ರಾಜಕುಮಾರಿಯನ್ನು ಒಪ್ಪಿಸಿಕೊಟ್ಟದ್ದೂ ಅಲ್ಲೇ. ಅದಕ್ಕೆ ಮೊದಲು ವರನ ಪ್ರತಿನಿಧಿಯೊಬ್ಬನನ್ನು ನಿಲ್ಲಿಸಿ ಮದುವೆ ನಡೆಸಿದ್ದು ಒಂಡಾರಿಬಿಯಾದ ಇಗರ್ಜಿಯಲ್ಲಿ. ಇಂದಿಗೂ ಆ ದ್ವೀಪ ಫೆಬ್ರವರಿಯಿಂದ ಜುಲೈವರೆಗೆ ಸ್ಪೇನಿನದು, ಆಗಸ್ಟಿನಿಂದ ಜನವರಿವರೆಗೆ ಫ್ರಾನ್ಸಿನದು. ಅದರ ಮೇಲೆ ಕಾಲಿಡಲು ಸಾಮಾನ್ಯವಾಗಿ ಬಿಡುವುದಿಲ್ಲ, ದಡದಿಂದಲೇ ನೋಡಬೇಕು.

ಚಿಕ್ಕ ದೋಣಿಯಲ್ಲಿ ಒಂದಾಯಾಕ್ಕೆ ದಾಟಿ ಮಧ್ಯಾಹ್ನವನ್ನು ಫ್ರಾನ್ಸಿನಲ್ಲಿ ಕಳೆಯಬಹುದು. ಷೆಂಗೆನ್ ವೀಸಾ ಇದ್ದರೆ ಸಾಕು, ಆದರೆ ಪಾಸ್‌ಪೋರ್ಟ್ ಜೊತೆಯಲ್ಲಿರಲಿ. ಹಿಂದಿನ ಹಾಯ್ಸ್ಕಿಬೆಲ್ ಬೆಟ್ಟ 550 ಮೀಟರಿಗೂ ಸ್ವಲ್ಪ ಕಡಿಮೆಯಾದರೂ ಕಡಲಿನಿಂದ ನೇರವಾಗಿ ಏಳುವುದರಿಂದ ಅದರ ಬೆನ್ನಿನ ಮೇಲಿನ ನಡಿಗೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಪಿರೆನೀಸಿನ ಮೊದಲ ಶಿಖರಗಳು ಕಾಣುತ್ತವೆ. ಪ್ರಾಂತ್ಯದ ವಿಮಾನ ನಿಲ್ದಾಣ ಇಲ್ಲೇ ಇದ್ದರೂ ರೈಲು ಇಲ್ಲ. ದೊನೊಸ್ತಿಯಾಕ್ಕೆ 20 ಕಿಲೋಮೀಟರ್ ಬಸ್ಸಿನ ದಾರಿ. ಕೋಟೆಯೊಳಗಿನ ವಸತಿ ದುಬಾರಿ. ಐದನೆಯ ಚಾರ್ಲ್ಸನ ಕೋಟೆಮನೆಯೇ ಸರ್ಕಾರಿ ಹೋಟೆಲಾಗಿದೆ, ಕೆಳಗಿನ ಮೀನುಗಾರರ ಕೇರಿಯಲ್ಲಿಯೂ ಬೆಲೆ ಕಡಿಮೆಯೇನಲ್ಲ. ಮಕ್ಕಳೊಡನೆ ನಿಧಾನವಾಗಿ ಇರಬಯಸುವವರಿಗೆ ಇದು ಸೊಗಸಾದ ಊರು. ಇಡೀ ಪ್ರಾಂತ್ಯವನ್ನು ಸುತ್ತುವವರಿಗೆ ಮಾತ್ರ ಇದು ಒಂದು ಮೂಲೆ. ಖರ್ಚು ಉಳಿಸುವವರು ಇರುನ್‌ನಲ್ಲಿ ತಂಗಿ ಇಲ್ಲಿಗೆ ಬಂದುಹೋಗಲಿ.

ತೊಲೊಸಾ: ಸಂತೆಯ ಕಣಿವೆ

ಓರಿಯಾ ಕಣಿವೆ ಗಿಪುಸ್ಕೋವಾದ ಬೆನ್ನೆಲುಬು. ಮಾದ್ರಿದಿನಿಂದ ಫ್ರಾನ್ಸಿಗೆ ಹೋಗುವ ಹೆದ್ದಾರಿಯೂ 1864ರಲ್ಲಿ ಪೂರ್ತಿಯಾದ ರೈಲುಹಳಿಯೂ ಇದರೊಳಗೇ ಸಾಗುತ್ತವೆ. 1256ರಲ್ಲಿ ಸನ್ನದು ಪಡೆದ ತೊಲೊಸಾ 1844ರಿಂದ 1854ರವರೆಗೆ ಪ್ರಾಂತ್ಯದ ರಾಜಧಾನಿಯಾಗಿತ್ತು, ಮುಂದೆ ಕಾಗದದ ಕಾರ್ಖಾನೆಗಳ ಊರಾಯಿತು. ಈ ಊರನ್ನು ಯಾರೂ ಅಂದಕ್ಕಾಗಿ ಆರಿಸುವುದಿಲ್ಲ, ಆರಿಸಬೇಕಾದದ್ದು ಶನಿವಾರಕ್ಕಾಗಿ: ನದಿಯ ಅಂಚಿನಲ್ಲಿ ಚಾವಣಿ ಹೊದಿಸಿದ ಮಾರುಕಟ್ಟೆಯಲ್ಲಿ ಸುತ್ತಲಿನ ಬಸೆರ್ರಿಗಳ, ಅಂದರೆ ಒಂಟಿ ಹೊಲಮನೆಗಳ, ರೈತರು ತಾವು ಬೆಳೆದದ್ದನ್ನು ತಾವೇ ತಂದು ಮಾರುತ್ತಾರೆ. ಅದೇ ಕಣಿವೆಯ ಓರ್ದಿಸಿಯಾದಲ್ಲಿ ಬುಧವಾರದ ಸಂತೆ. ಬೆಂಕಿಯಲ್ಲಿ ಊರು ಬೆಂದ ಮೇಲೆ 1512ರಲ್ಲಿ ಹ್ವಾನಾ ರಾಣಿ ಅದಕ್ಕೆ ಅನುಮತಿ ಕೊಟ್ಟಳು. ಬುಧವಾರದಿಂದ ಶನಿವಾರದವರೆಗೆ ತಂಗಿದರೆ ಎರಡೂ ಸಂತೆಗಳು ಸಿಗುತ್ತವೆ, ನಡುವೆ ತಿಂದೋಕಿ ಶಿಖರದ ಬುಡದ ಕುರಿ ಹುಲ್ಲುಗಾವಲುಗಳಿಗೆ ಏರಬಹುದು. ಐದು ಊರುಗಳಲ್ಲಿ ಇಲ್ಲಿನ ವಸತಿ ಅಗ್ಗದ ಕಡೆಗಿದೆ, ದೊನೊಸ್ತಿಯಾಕ್ಕೆ ಉಪನಗರ ರೈಲು ದಿನವಿಡೀ ಓಡುತ್ತದೆ. ಆದ್ದರಿಂದ ಕಡಿಮೆ ಖರ್ಚಿನಲ್ಲಿ ರಾಜಧಾನಿಯನ್ನೂ ಒಳನಾಡನ್ನೂ ನೋಡಬಯಸುವವರಿಗೆ ಇದು ಅರ್ಥಪೂರ್ಣ ಆಯ್ಕೆ. ಕಡಲು ಮಾತ್ರ ಕಿಟಕಿಗೆ ಕಾಣದು.

ಒನ್ಯಾತಿ: ಭಾಷೆಯ ನೆನಪು

ದೇಬಾ ಕಣಿವೆಯ ಮೇಲ್ಭಾಗದ ಒನ್ಯಾತಿ ದೊನೊಸ್ತಿಯಾದಿಂದ 70 ಕಿಲೋಮೀಟರಿಗೂ ಹೆಚ್ಚು ದೂರ. ರೈಲಿಲ್ಲ, ಬಸ್ಸು ಬದಲಿಸಬೇಕಾಗುತ್ತದೆ. ಕೌಂಟ್ ಒಬ್ಬನ ಒಡೆತನದಲ್ಲಿದ್ದ ಈ ಊರು ಗಿಪುಸ್ಕೋವಾಕ್ಕೆ ಸೇರಿದ್ದೇ 1845ರಲ್ಲಿ. 16ನೆಯ ಶತಮಾನದ ವಿಶ್ವವಿದ್ಯಾಲಯದ ಕಟ್ಟಡ ಇಲ್ಲಿದೆ. 1918ರಲ್ಲಿ ಇಲ್ಲಿ ನಡೆದ ಬಾಸ್ಕ್ ಅಧ್ಯಯನಗಳ ಮೊದಲ ಸಮ್ಮೇಳನದಿಂದ ಬಾಸ್ಕ್ ಭಾಷಾ ಅಕಾಡೆಮಿ ಹುಟ್ಟಿತು. ಅರ್ಧ ಶತಮಾನದ ಬಳಿಕ, 1968ರಲ್ಲಿ, ಒಂಬತ್ತು ಕಿಲೋಮೀಟರ್ ಮೇಲಿನ ಅರಾಂತ್ಸಾಸು ಮಠದಲ್ಲಿ ಅದೇ ಅಕಾಡೆಮಿ ಸೇರಿ, ಕೋಲ್ದೊ ಮಿಚೆಲೇನಾ ಎಂಬ ಭಾಷಾವಿಜ್ಞಾನಿಯ ಮುಂದಾಳತ್ವದಲ್ಲಿ, ಹಲವು ಒಳನುಡಿಗಳಾಗಿ ಹರಿದುಹೋಗಿದ್ದ ಎವುಸ್ಕರಾ, ಅಂದರೆ ಬಾಸ್ಕ್, ಭಾಷೆಗೆ ಒಂದು ಸಾಮಾನ್ಯ ಬರಹರೂಪದ ತಳಹದಿ ಹಾಕಿತು. ಸಾರ್ವಜನಿಕ ಬದುಕಿನಲ್ಲಿ ಆ ಭಾಷೆಗೆ ಜಾಗವನ್ನೇ ಕೊಡದ ಫ್ರಾಂಕೋನ ಆಡಳಿತ ಇನ್ನೂ ನಡೆಯುತ್ತಿದ್ದಾಗ ಈ ಕೆಲಸವಾಯಿತು. ಬೇರಾವ ಭಾಷೆಯೊಡನೆಯೂ ಸಂಬಂಧ ಸಾಬೀತಾಗದ ಈ ನುಡಿಯನ್ನು ಇಂದು ಪ್ರಾಂತ್ಯದ ಸುಮಾರು ಅರ್ಧದಷ್ಟು ಜನ ಆಡುತ್ತಾರೆ. ನಮ್ಮ ನುಡಿಯ ಬಗ್ಗೆ ಕಳವಳವಿರುವ ಯಾರೇ ಆದರೂ ಆ ಮಠದ ಅಂಗಳದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು ಎಂಬುದು ನನ್ನ ಭಾವನೆ.

ಮಠದ ಬಸಿಲಿಕಾದ ಎದುರುಗೋಡೆಯಲ್ಲಿ ಶಿಲ್ಪಿ ಒತೇಯ್ಸಾ ಕೆತ್ತಿದ 14 ಅಪೊಸ್ತಲರು ಸಾಲಾಗಿ ನಿಂತಿದ್ದಾರೆ, ಕಬ್ಬಿಣದ ಬಾಗಿಲುಗಳು ಇನ್ನೊಬ್ಬ ಶಿಲ್ಪಿ ಚಿಯಿದಾನ ಕೆಲಸ. ಅಲ್ಲಿಂದ ಉರ್ಬಿಯಾ ಹುಲ್ಲುಗಾವಲಿಗೂ ಐಸ್ಕೋರಿ ಸಾಲಿಗೂ ದಾರಿ ಏರುತ್ತದೆ. ಸಮೀಪದ ಅರಸಾತೆಯಲ್ಲಿ, ಅರಿಸ್ಮೆಂದಿಯಾರ್ರಿಯೆತಾ ಎಂಬ ಪಾದ್ರಿಯ ಶಿಷ್ಯರು 1956ರಲ್ಲಿ ಆರಂಭಿಸಿದ ಸಣ್ಣ ಕಾರ್ಖಾನೆ ಮೊಂದ್ರಾಗೋನ್ ಎಂಬ ಬೃಹತ್ ಸಹಕಾರಿ ಸಮೂಹವಾಗಿ ಬೆಳೆಯಿತು. ಸಹಕಾರ ಚಳವಳಿಯಲ್ಲಿ ಆಸಕ್ತಿಯಿರುವವರಿಗೆ ಈ ಕಣಿವೆ ಯಾತ್ರಾಸ್ಥಳವೇ ಸರಿ. ವಸತಿ ದುಬಾರಿಯಲ್ಲ, ಆದರೆ ಉಳಿಸಿದ ಹಣವನ್ನು ಸಮಯವಾಗಿ ತೆರಬೇಕಾಗುತ್ತದೆ. ಕಾರಿಲ್ಲದವರು ಮೊದಲ ಭೇಟಿಯಲ್ಲಿ ಇದನ್ನು ನೆಲೆಯಾಗಿ ಮಾಡಿಕೊಳ್ಳುವುದು ಬೇಡ.

ಯಾರಿಗೆ ಯಾವುದು

ನಾಲ್ಕೈದು ದಿನಗಳಿದ್ದು, ಹಗಲಿಡೀ ನಡೆಯಬಲ್ಲವರಿಗೆ, ಮಧ್ಯಮ ಖರ್ಚಿನವರಿಗೆ ನಾನು ಸುಮಾಯಾವನ್ನೇ ಹೇಳುತ್ತೇನೆ: ಬಂಡೆ, ಗುಹೆ, ಗೋಪುರಮನೆ, ಬಂದರು ನಾಲ್ಕೂ ಒಂದೇ ಕಣಿವೆಯ ಸರಹದ್ದಿನಲ್ಲಿವೆ, ಒಂದು ದಿನ ರೈಲಿನಲ್ಲಿ ದೊನೊಸ್ತಿಯಾಕ್ಕೂ ಪಸಾಯಾಕ್ಕೂ ಹೋಗಿಬರಬಹುದು. ಕೈಯಲ್ಲಿ ಒಂದು ವಾರವಿದ್ದರೆ ಮೂರು ರಾತ್ರಿ ಸುಮಾಯಾದಲ್ಲಿ, ಉಳಿದವನ್ನು ಬುಧವಾರ ಅಥವಾ ಶನಿವಾರ ಸೇರುವಂತೆ ತೊಲೊಸಾದಲ್ಲಿ ಕಳೆಯುವುದು ದೊನೊಸ್ತಿಯಾದಲ್ಲೇ ಏಳೂ ರಾತ್ರಿ ಇರುವುದಕ್ಕಿಂತ ಅಗ್ಗ, ನೋಡುವುದೂ ಹೆಚ್ಚು. ಕಾರು ಇರುವವರು ತೊಲೊಸಾದ ಬದಲು ಒನ್ಯಾತಿಯನ್ನು ಸೇರಿಸಿಕೊಳ್ಳಬಹುದು.

ತಿಂಗಳುಗಳಲ್ಲಿ ಮೇ, ಜೂನ್ ಮತ್ತು ಸೆಪ್ಟೆಂಬರಿನ ಕೊನೆ ಒಳ್ಳೆಯವು. ಸುಮಾಯಾದಲ್ಲಿ ತಂಗುವುದೆಂದು ತೀರ್ಮಾನಿಸಿದರೆ ಕೋಣೆ ಕಾದಿರಿಸುವ ಮೊದಲು ಆ ವಾರದ ಉಬ್ಬರ ಇಳಿತದ ಪಟ್ಟಿಯನ್ನು ನೋಡಿ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಒಂದೆರಡು ದಿನಗಳ ಬಳಿಕ ನೀರು ಅತಿ ಕೆಳಗೆ ಸರಿಯುತ್ತದೆ, ಕಲ್ಲಿನ ಹಾಸು ಅತಿ ದೂರದವರೆಗೆ ತೆರೆದುಕೊಳ್ಳುತ್ತದೆ. ಜಾರದ ಅಟ್ಟೆಯ ಬೂಟು ಹಾಕಿಕೊಳ್ಳಿ, ನೀರು ಮರಳಿ ಏರತೊಡಗುವ ಮೊದಲೇ ದಂಡೆಗೆ ಬಂದುಬಿಡಿ.